ನೂರು ನೋಟಿನ ಕಟ್ಟು

ಬ್ಯಾಂಕಿನ ಕ್ಯಾಶಿಯರ್ ಗಾಜಿನ ಸಂದಿಯಿಂದ ಈಚೆ ತಳ್ಳಿದ ಕಟ್ಟು ಹೊಸದಾಗಿತ್ತು. ನೂರರ ನೂರು ನೋಟು, ನಡುವೆ ಬಿಳಿ ಕಾಗದದ ಪಟ್ಟಿ. ‘ಐನೂರರದ್ದು ಕೊಡಲೇನು? ಇಷ್ಟು ದಪ್ಪ ಎಲ್ಲಿ ಇಟ್ಕೊಳ್ತೀರಿ?’ ಎಂದು ಕೇಳಿದರು. ಬೇಡವೆಂದೆ. ಆಗ ನೇಪಾಳದಲ್ಲಿ ನಮ್ಮ ನೂರರ ನೋಟಿಗಿಂತ ದೊಡ್ಡದು ನಡೆಯುತ್ತಿರಲಿಲ್ಲ. 2018ರ ಕೊನೆಯಲ್ಲಿ ಅಲ್ಲಿನ ಸರಕಾರ ನಮ್ಮ 200, 500, 2000ದ ನೋಟುಗಳನ್ನು ನಿಷೇಧಿಸಿತ್ತು. ನಮ್ಮ ಯುಪಿಐ ಇನ್ನೂ ಅಲ್ಲಿನ ಅಂಗಡಿಗಳಿಗೆ ಬಂದಿರಲಿಲ್ಲ. ಹಾಗಾಗಿ 2023ರ ಅಕ್ಟೋಬರಿನಲ್ಲಿ, 23ನೇ ವಯಸ್ಸಿನಲ್ಲಿ, ನನ್ನ ಮೊದಲ ವಿದೇಶ ಪ್ರವಾಸಕ್ಕೆ ಇದ್ದ ಹಣವೆಲ್ಲ ಅಂಗಿಯ ಒಳಜೇಬಿನಲ್ಲಿ ಹಿಡಿಸಿತು. ನೂರು ಹಾಳೆ, ಹತ್ತು ಸಾವಿರ ರೂಪಾಯಿ. ಹೋಗಿಬರುವ ಸ್ಲೀಪರ್ ಟಿಕೆಟ್ ಮೊದಲೇ ತೆಗೆಸಿದ್ದೆ. ಇನ್ನು ಹದಿನಾಲ್ಕು ದಿನದ ಊಟ, ವಸತಿ, ಬಸ್ಸು, ಕಾಯಿಲೆ ಕಸಾಲೆ ಎಲ್ಲವೂ ಆ ಕಟ್ಟಿನೊಳಗೇ ಮುಗಿಯಬೇಕಿತ್ತು.

ಆ ಹಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಆರು ತಿಂಗಳು ಸಂಜೆ ಮಕ್ಕಳಿಗೆ ಪಾಠ ಹೇಳಿ ಉಳಿಸಿದ್ದು. ಗೇಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ದಿನವೂ ನನ್ನಿಂದ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅಲ್ಲಿನವರೆಲ್ಲ ಅವರನ್ನು ‘ಬಹಾದ್ದೂರ್’ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅದು ಅವರ ಹೆಸರಲ್ಲ ಎಂದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಅವರ ಊರು ನೇಪಾಳದ ಪಾಲ್ಪಾ ಜಿಲ್ಲೆ. ‘ಲುಂಬಿನಿ ನಿಮ್ಮೂರಿಗೆ ಹತ್ತಿರವಾ?’ ಎಂದು ಕೇಳಿದ ದಿನ ಅವರು ರಿಜಿಸ್ಟರ್ ಮುಚ್ಚಿಟ್ಟು ನನ್ನ ಮುಖ ನೋಡಿದರು. ‘ಬನ್ನಿ ಸಾರ್, ದಸೈಂಗೆ, ಅಂದ್ರೆ ದಸರಾಕ್ಕೆ, ನಾನು ಮನೆಗೆ ಹೋಗ್ತೀನಿ. ನೀವೂ ಬನ್ನಿ. ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು.’

ಪಾಸ್‌ಪೋರ್ಟ್ ಬೇಡ ಎಂಬ ಮಾತೇ ನನ್ನನ್ನು ಹೊರಡಿಸಿತು. ಆಗ ಅದರ ಶುಲ್ಕ 1500 ರೂಪಾಯಿ. ಅಷ್ಟರಲ್ಲಿ ಐದಾರು ದಿನ ಕಳೆಯಬಹುದು ಎಂದು ಲೆಕ್ಕ ಹಾಕುವ ವಯಸ್ಸು ಅದು. ಲುಂಬಿನಿಯ ಬಗ್ಗೆ ಕೇಳಿದ್ದಕ್ಕೆ ಬೇರೆ ಕಾರಣವಿತ್ತು. ನನ್ನೂರು ಅಶೋಕನ ಶಾಸನವಿರುವ ಮಸ್ಕಿ.

ಊರಿಗೆ ಹೋಗಿ ಹೇಳಿದಾಗ ಅವ್ವ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. ‘ಇಷ್ಟ ರೊಕ್ಕದಾಗ ಪರದೇಶಕ್ಕ ಹೋಗಿ ಬರ್ತಾರೇನಪಾ?’ ಎಂದಳು. ಆಮೇಲೆ ಏನೂ ಅನ್ನದೆ ಒಲೆ ಹೊತ್ತಿಸಿ ಕೂತಳು. ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಒಂದು ಡಬ್ಬಿ ಶೇಂಗಾ ಹೋಳಿಗೆ. ಖಡಕ್ ರೊಟ್ಟಿ ಎಷ್ಟು ದಿನವಾದರೂ ಕೆಡುವುದಿಲ್ಲ, ಒಣಗಿದಷ್ಟೂ ಹಗುರ. ದುಡಿಯಲು ಊರು ಬಿಟ್ಟು ಹೋಗುವ ನಮ್ಮ ಕಡೆಯವರ ಗಂಟಿನಲ್ಲಿ ಮೊದಲಿಂದಲೂ ಇರುವ ಬುತ್ತಿ ಅದು. ನಾನು ಅದನ್ನು ಪರದೇಶ ನೋಡಲು ಹೋಗುವವನ ಚೀಲಕ್ಕೆ ತುಂಬಿಕೊಂಡೆ.

ಯಶವಂತಪುರದಿಂದ ಗೋರಖಪುರಕ್ಕೆ ಎರಡು ರಾತ್ರಿ, ಹೆಚ್ಚುಕಡಿಮೆ ಎರಡು ಹಗಲು. ಬೋಗಿಯ ಅರ್ಧ ಜನ ನೇಪಾಳಿಗಳು. ಹೋಟೆಲಿನಲ್ಲಿ ಅಡುಗೆ ಮಾಡುವವರು, ಮೊಮೊ ಗಾಡಿ ಇಟ್ಟವರು, ಕಾವಲು ಕಾಯುವವರು. ಹಬ್ಬಕ್ಕೆ ಊರಿಗೆ ಹೊರಟವರ ಸಾಮಾನು ಸೀಟಿನ ಕೆಳಗೆ ಹಿಡಿಸದೆ ನಡೆಯುವ ದಾರಿಗೂ ಬಂದಿತ್ತು: ಮಿಕ್ಸರ್, ಕಂಬಳಿ, ಮಕ್ಕಳ ಸೈಕಲ್. ನನ್ನದು ಒಂದು ಬೆನ್ನುಚೀಲ. ರೊಟ್ಟಿ ಮುರಿದು ಹಿಂಡಿ ಹಚ್ಚಿ ಕೊಟ್ಟೆ. ಜೊತೆಗಿದ್ದ ವಾಚ್‌ಮನ್ ಅದನ್ನು ಅಗಿಯುತ್ತ, ನೇಪಾಳದ ಹಳ್ಳಿಗಳಲ್ಲಿ ಹಿಂದೂಸ್ತಾನಕ್ಕೆ ದುಡಿಯಲು ಹೋಗುವುದಕ್ಕೆ ‘ಮುಗ್ಲಾನ್ ಹೋಗುವುದು’ ಎನ್ನುತ್ತಾರೆ ಎಂದರು. ಮೊಗಲರ ಸೀಮೆ ಮುಗ್ಲಾನ್. ಸೈನ್ಯ ಸೇರಿದವನು ‘ಲಾಹುರೆ’. ರಣಜಿತ್ ಸಿಂಗನ ಪಡೆಗೆ ಸೇರಲು ಲಾಹೋರಿಗೆ ಹೋಗುತ್ತಿದ್ದ ಕಾಲದ ಹೆಸರು ಇನ್ನೂ ಹಾಗೇ ಉಳಿದಿದೆ. ಅವರ ಅಜ್ಜನೂ ಮುಗ್ಲಾನ್ ಹೋದವನು, ಅಪ್ಪನೂ. ನಾನು ವಿದೇಶ ನೋಡಲು ಹೊರಟಿದ್ದೆ. ಅವರಿಗೆ ಮೂರು ತಲೆಮಾರಿನಿಂದ ವಿದೇಶವೆಂದರೆ ನಮ್ಮ ಊರುಗಳೇ.

ಗೋರಖಪುರದ ಪ್ಲಾಟ್‌ಫಾರ್ಮ್ 1366 ಮೀಟರ್ ಉದ್ದ. ಬಹಳ ಕಾಲ ಜಗತ್ತಿನಲ್ಲೇ ಉದ್ದನೆಯದು ಎಂಬ ಹೆಸರು ಅದಕ್ಕಿತ್ತು. ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಹುಬ್ಬಳ್ಳಿಯ 1507 ಮೀಟರಿನದು ಉದ್ಘಾಟನೆಯಾಗಿ ಆ ಹೆಸರು ಕಿತ್ತುಕೊಂಡಿತು. ಇದನ್ನು ಹೇಳುತ್ತ ನಡೆದೆ. ತಲೆಯ ಮೇಲೆ ಮಿಕ್ಸರ್ ಹೊತ್ತಿದ್ದವರಿಗೆ ಅದರ ಉದ್ದ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸುನೌಲಿ ಗಡಿಯನ್ನು ಬೆಳಿಗ್ಗೆ ನಡೆದೇ ದಾಟಿದೆವು. ವಿದೇಶವೆಂದರೆ ವಿಮಾನ, ಸೀಲು, ಸಾಲು ಎಂದುಕೊಂಡವನಿಗೆ ಒಂದು ಕಮಾನಿನ ಕೆಳಗೆ ಸೈಕಲ್, ಆಡು, ಲಾರಿಗಳ ನಡುವೆ ಹೆಜ್ಜೆ ಇಟ್ಟದ್ದೇ ವಿದೇಶವಾಯಿತು. 1950ರ ಒಪ್ಪಂದದಿಂದ ಎರಡೂ ಕಡೆಯವರಿಗೆ ಈ ದಾರಿ ತೆರೆದಿದೆ. ಆಚೆ ಕಾಲಿಟ್ಟೊಡನೆ ವಾಚ್‌ಮನ್ ಕೈಗಡಿಯಾರ ಬಿಚ್ಚಿ ಮುಳ್ಳನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿದರು. ಅಲ್ಲಿನ ಹೊತ್ತು ನಮ್ಮದಕ್ಕಿಂತ ಅಷ್ಟು ಮುಂದು. ನಂತರ ನನ್ನನ್ನು ‘ಸಾರ್’ ಎನ್ನುವುದನ್ನೂ ಬಿಟ್ಟರು. ‘ಇನ್ನು ನೀನು ಭಾಯಿ’ ಎಂದರು. ಭಾಯಿ ಎಂದರೆ ತಮ್ಮ, ದಾಯಿ ಎಂದರೆ ಅಣ್ಣ. ಅಲ್ಲಿಂದ ಅವರು ನನಗೆ ದಾಯಿ.

ಅವರು ಊರಿಗೆ ಹೋದರು. ಹಬ್ಬದ ಹಿಂದಿನ ದಿನ ಬರುತ್ತೇನೆಂದು ಹೇಳಿ ನಾನು ಲುಂಬಿನಿಗೆ ಹೊರಟೆ. ಹೊರಟ ಹತ್ತು ನಿಮಿಷಕ್ಕೇ ಪೆಟ್ಟು ತಿಂದೆ. ಗಡಿಯಲ್ಲಿ ಎರಡು ದುಡ್ಡೂ ನಡೆಯುತ್ತದೆ. ನಮ್ಮದು ಐಸಿ, ಅವರದು ಎನ್‌ಸಿ. 1993ರಿಂದ ನಮ್ಮ ನೂರಕ್ಕೆ ಅವರ ನೂರ ಅರವತ್ತು ಎಂದು ಕಟ್ಟುಹಾಕಿಟ್ಟ ದರ. ಇ-ರಿಕ್ಷಾದವನು ಮುನ್ನೂರು ಅಂದ, ನಾನು ಎನ್‌ಸಿ ಎಂದುಕೊಂಡು ಒಪ್ಪಿದೆ. ಇಳಿಯುವಾಗ ಐಸಿ ಎಂದ. ವಾದಿಸಿ ಸೋತು ಮೂರು ನೋಟು ಎಣಿಸಿ ಕೊಟ್ಟೆ. ನೂರಕ್ಕೂ ಹೆಚ್ಚು ರೂಪಾಯಿ ಹೋಯಿತು. ಆ ನಷ್ಟ ತುಂಬಲು ಆ ಮಧ್ಯಾಹ್ನ ಊಟ ಬಿಟ್ಟೆ. ಇಡೀ ದಿನ ಮನಸ್ಸು ಆ ಒಂದು ನೋಟಿನ ಸುತ್ತಲೇ ತಿರುಗಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಲೋಕ ಹತ್ತಿರವಾಗುತ್ತದೆ ಎಂದು ಹಲವರು ಬರೆದದ್ದನ್ನು ಓದಿದ್ದೆ. ಅಂದು ನನಗಾದದ್ದು ಬೇರೆ. ಎದುರು ಬಂದವರೆಲ್ಲ ನನ್ನ ಕಟ್ಟಿಗೆ ಕೈ ಹಾಕುವವರಂತೆ ಕಂಡರು.

ಲುಂಬಿನಿಯಲ್ಲಿ ಕೊರಿಯಾದ ಬೌದ್ಧ ವಿಹಾರದಲ್ಲಿ ಇಳಿದುಕೊಂಡೆ. ನಮ್ಮ ಮುನ್ನೂರು ರೂಪಾಯಿಗೆ ಹಾಸಿಗೆ, ಮೂರು ಹೊತ್ತಿನ ಊಟ. ತಟ್ಟೆ ನಾವೇ ತೊಳೆದಿಡಬೇಕು. ಅನ್ನ, ಸೊಪ್ಪು, ಖಾರದ ಎಲೆಕೋಸು ಬಡಿಸಿಕೊಂಡು ನೆಲದ ಮೇಲೆ ಕೂತಾಗ ಮೊದಲ ಸಲ ಹೊಟ್ಟೆಯ ಜೊತೆ ಮನಸ್ಸೂ ತಣಿಯಿತು. ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ 1978ರಲ್ಲಿ ಮುಗಿಸಿದ ಯೋಜನೆಯಂತೆ ನಡುವೆ ಉದ್ದ ಕಾಲುವೆ, ಒಂದು ಬದಿಗೆ ಥೇರವಾದದ ದೇಶಗಳ ವಿಹಾರ, ಇನ್ನೊಂದು ಬದಿಗೆ ಮಹಾಯಾನದವರದು. ಅವುಗಳ ನಡುವೆ ನಡೆದೇ ಓಡಾಡಿದೆ. ನೋಡಬೇಕೆಂದು ಬಂದದ್ದು ಮಾತ್ರ ಅಶೋಕ ನಿಲ್ಲಿಸಿದ ಒಂದು ಕಂಬ.

ಮಸ್ಕಿಯಲ್ಲಿ ಹುಟ್ಟಿದವರಿಗೆ ಬ್ರಾಹ್ಮಿ ಲಿಪಿಯ ಒಂದು ಅಕ್ಷರವಾದರೂ ಗೊತ್ತಿರುತ್ತದೆ. ಶಾಲೆಯಿಂದ ಬಂಡೆಯ ಹತ್ತಿರ ಕರೆದೊಯ್ದಾಗ ಮೇಷ್ಟ್ರು ತೋರಿಸಿದ್ದು ‘ಕ’. ಕೂಡುವ ಲೆಕ್ಕದ ಚಿಹ್ನೆಯಂತೆ, ಒಂದು ಅಡ್ಡಗೆರೆ ಒಂದು ಉದ್ದಗೆರೆ. ‘ಅಶೋಕ’ ಎಂಬ ಹೆಸರಿನಲ್ಲಿ ಅದು ಬರುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಆ ಬರಹ ಕಂಡ. ಅದಕ್ಕೂ ಮುಂಚೆ ಸಿಕ್ಕಿದ್ದ ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಹೇಳಿಕೊಂಡಿದ್ದ. ದೇವಾನಾಂಪ್ರಿಯನೇ ಅಶೋಕ ಎಂದು ಕಲ್ಲೇ ಮೊದಲು ಹೇಳಿದ್ದು ನಮ್ಮೂರಿನಲ್ಲಿ.

ಲುಂಬಿನಿಯ ಕಂಬದ ಸುತ್ತ ಕಬ್ಬಿಣದ ಬೇಲಿ ಇದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಗೀರುಗಳಲ್ಲಿ ನೆರಳು ತುಂಬಿ ಓದಲು ಬರುವಂತಾಗುತ್ತದೆ. ಐದು ಸಾಲು. ಬೇಲಿಗೆ ಎದೆ ಒತ್ತಿ ‘ಕ’ ಹುಡುಕಿದೆ. ಸಿಕ್ಕಿತು. ಅದೇ ಅಡ್ಡಗೆರೆ, ಅದೇ ಉದ್ದಗೆರೆ. ನಮ್ಮ ಬಂಡೆಯ ಮೇಲಿನದಕ್ಕಿಂತ ನೀಟು, ಅಳತೆ ಹಿಡಿದು ಕೊರೆದಂತೆ. ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಬಂದು ನನ್ನೂರಿನ ಅಕ್ಷರ ಓದಿದೆ. ಕಣ್ಣು ಮಂಜಾಯಿತು. ಅಶೋಕ ಎಂಬ ಹೆಸರು ಮಾತ್ರ ಅಲ್ಲಿಲ್ಲ. ಅದು ನಮ್ಮಲ್ಲಿದೆ.

ಪಕ್ಕದ ಫಲಕದಲ್ಲಿ ಅರ್ಥ ಬರೆದಿದ್ದರು. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷವಾದಾಗ ರಾಜ ತಾನೇ ಬಂದು ಪೂಜಿಸಿದ, ಬುದ್ಧ ಹುಟ್ಟಿದ ಊರೆಂದು ಕಂಬ ನಿಲ್ಲಿಸಿದ, ಊರಿನ ತೆರಿಗೆ ತೆಗೆದು ಬೆಳೆಯ ಪಾಲನ್ನು ಎಂಟನೇ ಒಂದಕ್ಕೆ ಇಳಿಸಿದ. ರಾಜ ಬರುವನೆಂದರೆ ಹಳ್ಳಿಗೆ ಎಷ್ಟು ಖರ್ಚು! ಪರಿವಾರಕ್ಕೆ ಅಕ್ಕಿ, ಆನೆಗೆ ಮೇವು, ಬಿಟ್ಟಿ ಚಾಕರಿ. ಆ ಯಾತ್ರಿಕ ತನ್ನ ಭಾರ ಇಳಿಸಿ ಹೋಗಬೇಕೆಂದುಕೊಂಡಿರಬೇಕು ಎಂದು ನನಗೆ ಅನಿಸಿತು. ಇದು ನನ್ನ ಊಹೆ, ಶಾಸನದ ಮಾತಲ್ಲ. ಆದರೆ ಹಿಂದಿನ ದಿನ ಒಂದು ನೋಟಿಗಾಗಿ ಜಗಳವಾಡಿ ಬಂದವನಿಗೆ ಆ ಕೊನೆಯ ಸಾಲು ಎದೆಗೆ ನಾಟಿತು. ನಾನು ಎಷ್ಟು ಕಡಿಮೆ ಖರ್ಚಿನಲ್ಲಿ ತಿರುಗುತ್ತಿದ್ದೇನೆ ಎಂದು ಹೆಮ್ಮೆಪಡುತ್ತಿದ್ದೆ. ಉಳಿದ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂದು ಕೇಳಿಕೊಂಡಿರಲಿಲ್ಲ. ವಿಹಾರದ ಅನ್ನ ಯಾವುದೋ ಕೊರಿಯನ್ ಭಕ್ತರ ದಾನ. ಸುನೌಲಿಯಿಂದ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ರಾಜಮಾರ್ಗ ಭಾರತದ ನೆರವಿನಿಂದ ಆದದ್ದು. ದಾಯಿಯ ಮನೆಯಲ್ಲಿ ಉಣ್ಣಲಿದ್ದ ಅನ್ನ ಬೆಂಗಳೂರಿನ ಗೇಟಿನಲ್ಲಿ ನಿದ್ದೆಗೆಟ್ಟ ರಾತ್ರಿಗಳದು.

ಬುಟ್ವಲ್‌ನಿಂದ ಬಸ್ಸು ಬೆಟ್ಟ ಹತ್ತಿತು. ಒಂದು ಕಡೆ ಕುಸಿಯುವ ಗುಡ್ಡ, ಇನ್ನೊಂದು ಕಡೆ ತಿನಾವು ನದಿಯ ಕಮರಿ. ಪಾಲ್ಪಾದ ಪೇಟೆ ತಾನ್ಸೇನ್. ಇಳಿಜಾರಿನ ಕಲ್ಲುಹಾಸಿನ ಓಣಿಗಳಲ್ಲಿ ಢಾಕಾ ಬಟ್ಟೆಯ ಟೋಪಿ ಮಾರುತ್ತಿದ್ದರು. 1896ರಲ್ಲಿ ಲುಂಬಿನಿಯ ಕಂಬದ ಬುಡ ಅಗೆಸಿದ ಖಡ್ಗ ಶಂಶೇರ್ ಈ ಪಾಲ್ಪಾದ ಆಡಳಿತಗಾರ. ಸತ್ತ ಹೆಂಡತಿಯ ನೆನಪಿಗೆ ಕಾಳಿಗಂಡಕಿಯ ದಡದಲ್ಲಿ ಅವನು ಕಟ್ಟಿಸಿದ ರಾಣಿಮಹಲ್ ಅಲ್ಲಿಂದ ಕೆಳಗಿದೆ. ಇಳಿದು ನೋಡಲಿಲ್ಲ. ಪೋಖರಾದ ಸರೋವರವನ್ನೂ ನೋಡಲಿಲ್ಲ. ಎರಡು ದಿನವೆಂದು ಹೋದವನು ದಾಯಿಯ ಮನೆಯಲ್ಲಿ ಐದು ದಿನ ಉಳಿದೆ.

ಕಲ್ಲುಮಣ್ಣಿನ ಮನೆ. ಅಂಗಳದ ಕಂಬಕ್ಕೆ ಮೆಕ್ಕೆಜೋಳದ ತೆನೆಗಳನ್ನು ಹೆಣೆದು ನಿಲ್ಲಿಸಿದ್ದರು. ಊರ ಬಯಲಿನಲ್ಲಿ ಹಸಿ ಬಿದಿರು ಬಾಗಿಸಿ ಎತ್ತರದ ಜೋಕಾಲಿ ಕಟ್ಟಿದ್ದರು. ದಸೈಂನಲ್ಲಿ ಒಮ್ಮೆಯಾದರೂ ಕಾಲು ನೆಲ ಬಿಡಬೇಕಂತೆ. ನಮ್ಮಲ್ಲಿ ಪಂಚಮಿಗೆ ಆಡುವ ಆಟ. ಮನೆಯಲ್ಲಿ ದಾಯಿಯ ತಾಯಿ, ಹೆಂಡತಿ, ಮಗಳು, ಒಬ್ಬ ಮಗ. ಮಗನಿಗೆ 22. ಮೊದಲ ಸಂಜೆಯೇ ಅವನು ನನ್ನ ಬೆನ್ನುಚೀಲ ಎತ್ತಿ ನೋಡಿ, ಹಿಂದಿಯಲ್ಲಿ ‘ಎಷ್ಟು ಕೇಜಿ?’ ಎಂದ. ಏಳು ಇರಬಹುದು ಎಂದೆ. ‘ನನಗೆ ಮೂವತ್ತರವರೆಗೆ ಬಿಡ್ತಾರೆ’ ಎಂದ. ಹಬ್ಬ ಮುಗಿದ ಐದನೇ ದಿನ ಅವನು ಕತಾರಿಗೆ ಹೋಗುವವನಿದ್ದ.

ಲೆಕ್ಕವನ್ನು ಅವನೇ ಹೇಳಿದ. ಗೋದಾಮಿನಲ್ಲಿ ಸಾಮಾನು ಇಳಿಸುವ ಕೆಲಸ. ತಿಂಗಳಿಗೆ ಸಾವಿರ ರಿಯಾಲ್. 2021ರಿಂದ ಅಲ್ಲಿ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ನೇಪಾಳಿ ದುಡ್ಡಿನಲ್ಲಿ ಸುಮಾರು 36 ಸಾವಿರ. ವೀಸಾ, ಟಿಕೆಟ್ ಖರ್ಚು ಕೆಲಸ ಕೊಡುವವನದೇ ಎಂದು 2015ರಲ್ಲಿ ನೇಪಾಳ ಸರಕಾರ ನಿಯಮ ಮಾಡಿದೆ. ಕೆಲಸಕ್ಕೆ ಜನ ಕಳಿಸುವ ಮ್ಯಾನ್‌ಪವರ್ ಏಜೆನ್ಸಿಯವರು ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇವನಿಂದ ಒಂದೂವರೆ ಲಕ್ಷ ತೆಗೆದುಕೊಂಡು ಹತ್ತು ಸಾವಿರಕ್ಕೆ ರಸೀದಿ ಕೊಟ್ಟಿದ್ದರು. ಹಣ ತಂದದ್ದು ಊರ ಸಾಹುಕಾರನಿಂದ, ನೂರಕ್ಕೆ ಮೂರರ ಬಡ್ಡಿಗೆ. ನಮ್ಮ ಕಡೆಯೂ ಅದೇ ದರ. ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ನನ್ನದರಂಥ ಒಂಬತ್ತು ಕಟ್ಟು, ಮೇಲೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನಾನು ವಿದೇಶಕ್ಕೆ ಬರಲು ಆರು ತಿಂಗಳು ಉಳಿಸಿದ್ದೆ. ಅವನು ವಿದೇಶಕ್ಕೆ ಹೋದ ಮೇಲೆ ಆರು ತಿಂಗಳು ದುಡಿದರೂ ಹೋದ ಖರ್ಚು ತೀರುವುದು ಅನುಮಾನ. ಇಬ್ಬರೂ ಕಡಿಮೆ ದುಡ್ಡಿನಲ್ಲಿ ಪರದೇಶಕ್ಕೆ ಹೊರಟ ಹುಡುಗರು. ನನ್ನದಕ್ಕೆ ಪ್ರವಾಸ ಎನ್ನುತ್ತಾರೆ, ಅನುಭವ ಎಂದು ಹೊಗಳುತ್ತಾರೆ. ಅವನದಕ್ಕೆ ಆ ಹೆಸರುಗಳಿಲ್ಲ.

ವಿಜಯದಶಮಿಯ ದಿನ ಟೀಕಾ. ಶುಭ ಮುಹೂರ್ತವನ್ನು ರೇಡಿಯೊದಲ್ಲಿ ಹೇಳುತ್ತಾರೆ. ಇಡೀ ಊರು ಕಿವಿಗೊಟ್ಟು ಕೂತಿತ್ತು. ಮೊಸರು, ಅಕ್ಕಿ, ಕುಂಕುಮ ಕಲಸಿ ಅಜ್ಜಿ ತಟ್ಟೆಯಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಜಮರಾ. ನವರಾತ್ರಿಯ ಮೊದಲ ದಿನ ಕತ್ತಲ ಮೂಲೆಯಲ್ಲಿ ಬಿತ್ತಿದ ಬಾರ್ಲಿಯ ಹಳದಿ ಸಸಿ. ನಮ್ಮ ಕಡೆ ದೇವಿಯ ಮುಂದೆ ಘಟ ಕೂಡಿಸಿ ಬೆಳೆಸುವ ಸಸಿಯೂ ಹೀಗೇ. ಒಬ್ಬೊಬ್ಬರಾಗಿ ಮುಂದೆ ಕೂತರು. ಅಜ್ಜಿ ಹಣೆ ತುಂಬ ಟೀಕಾ ಒತ್ತಿ, ಕಿವಿಗೆ ಜಮರಾ ಸಿಕ್ಕಿಸಿ, ಮಂತ್ರದಂತೆ ಏನೋ ಹೇಳಿ, ಸೆರಗಿನೊಳಗಿಂದ ಒಂದು ನೋಟು ತೆಗೆದು ಕೊಡುತ್ತಿದ್ದಳು. ದಕ್ಷಿಣೆ. ದಸೈಂಗೆ ಹಿರಿಯರು ಕಿರಿಯರಿಗೆ ಕೊಡಲೇಬೇಕು, ಹೊಸ ನೋಟೇ ಆಗಬೇಕು. ಅದಕ್ಕೆಂದೇ ದಾಯಿ ತಾನ್ಸೇನಿನ ಬ್ಯಾಂಕಿನಲ್ಲಿ ಸಾಲು ನಿಂತು ತಂದಿದ್ದರು.

ಮೊಮ್ಮಗನ ನಂತರ ಅಜ್ಜಿ ನನ್ನತ್ತ ಕೈ ಮಾಡಿದಳು. ಹೋಗಿ ಕೂತೆ. ಅವಳ ಬೆರಳು ತಣ್ಣಗಿತ್ತು. ಮೊಸರು ಹುಬ್ಬಿನ ಮೇಲೆ ಇಳಿಯಿತು. ಅಂಗೈಯಲ್ಲಿ ನೋಟು ಇಟ್ಟು ಬೆರಳು ಮಡಿಸಿದಳು. ಅವರ ನೂರರ ನೋಟು, ಹಿಂದೆ ಖಡ್ಗಮೃಗದ ಚಿತ್ರ. ಬೇಡವೆಂದು ತಲೆಯಾಡಿಸಿದೆ. ದಾಯಿ ಕನ್ನಡದಲ್ಲಿ ಗದರಿದರು, ‘ತಗೋ ಭಾಯಿ, ಬೇಡ ಅನ್ನಬಾರದು.’ ಅವ್ವನ ಶೇಂಗಾ ಹೋಳಿಗೆ ತಂದು ಅಜ್ಜಿಗೆ ಕೊಟ್ಟು ಕಾಲು ಮುಟ್ಟಿದೆ. ಹಲ್ಲಿಲ್ಲದ ಬಾಯಲ್ಲಿ ಅದನ್ನು ನೆನೆಸಿ ನೆನೆಸಿ ತಿಂದಳು.

ಆ ರಾತ್ರಿ ಲೆಕ್ಕದ ಪುಸ್ತಕ ತೆರೆದು ಕೂತೆ. ಎಲ್ಲ ಖರ್ಚೂ ಬರೆಯುತ್ತ ಬಂದಿದ್ದೆ, ಚಹಾ ಸಹಿತ. ಈ ನೋಟನ್ನು ಜಮಾ ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆಯುವ ಪುಸ್ತಕವೇ ಬೇರೆ. ಯಾರು ಎಷ್ಟು ಮಾಡಿದರು ಎಂಬುದನ್ನು ಅದರಲ್ಲಿ ಬರೆದಿಡುವುದು ಅವರ ಮನೆಯ ಕಾರ್ಯದಲ್ಲಿ ತಿರುಗಿ ಮಾಡಲು. ಮುಯ್ಯಿ ನೂರರದಾಗಿರುವುದಿಲ್ಲ, ನೂರಾ ಒಂದರದು. ನನ್ನ ನೂರು ನೋಟಿನ ಮೇಲಿನ ಆ ಒಂದು ಇದೇ ಎನ್ನಿಸಿತು. ಪುಸ್ತಕ ಮುಚ್ಚಿದೆ. ಆಮೇಲೆ ಆ ಪ್ರವಾಸದ ಲೆಕ್ಕ ಬರೆಯಲಿಲ್ಲ.

ಹಬ್ಬ ಮುಗಿದ ನಾಲ್ಕನೇ ದಿನ ನಸುಕಿನಲ್ಲಿ ಮಗನೂ ನಾನೂ ಕಾಠ್ಮಂಡುವಿನ ಬಸ್ಸು ಹತ್ತಿದೆವು. ದಾಯಿ ಬರಲಿಲ್ಲ. ಬಸ್ಸಿನ ಬಾಗಿಲ ತನಕ ಬಂದು ಮಗನ ಚೀಲದ ಜಿಪ್ಪನ್ನು ಮೂರು ಸಲ ಎಳೆದು ನೋಡಿದರು. ದಿನವಿಡೀ ಪ್ರಯಾಣ. ಮುಗ್ಲಿಂಗ್‌ನಿಂದಾಚೆ ತ್ರಿಶೂಲಿ ನದಿ ರಸ್ತೆಯ ಪಕ್ಕಕ್ಕೇ ಬರುತ್ತದೆ. ಢಾಬಾದಲ್ಲಿ ದಾಲ್ ಭಾತ್ ಉಂಡೆವು. ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಹಾಕುತ್ತಾರೆ. ನಾನು ಮೂರು ಸಲ ಹಾಕಿಸಿಕೊಂಡೆ, ಅವನು ಒಂದೇ ಸಲ. ಬಸ್ಸಿನಲ್ಲಿ ಟೀಕಾ ಒಣಗಿ ಉದುರುತ್ತಿದ್ದ ಹುಡುಗರು ಇನ್ನೂ ಐದಾರು ಮಂದಿ ಇದ್ದರು. ಎಲ್ಲರ ತೊಡೆಯ ಮೇಲೂ ಅದೇ ಪ್ಲಾಸ್ಟಿಕ್ ಫೈಲು: ಪಾಸ್‌ಪೋರ್ಟ್, ಕರಾರು ಪತ್ರ, ವೈದ್ಯಕೀಯ ವರದಿ, ಕಾರ್ಮಿಕ ಇಲಾಖೆಯ ಒಪ್ಪಿಗೆ.

ಮರುದಿನ ಬೆಳಿಗ್ಗೆ ಇಬ್ಬರೂ ಪಶುಪತಿನಾಥಕ್ಕೆ ಹೋದೆವು. ಅಲ್ಲಿ ಗರ್ಭಗುಡಿಯ ಪೂಜೆ ದಕ್ಷಿಣದ ಭಟ್ಟರದು, ಅವರಲ್ಲಿ ನಮ್ಮ ಕರಾವಳಿಯ ಕಡೆಯವರಿದ್ದಾರೆ. 2009ರ ಸುಮಾರಿಗೆ ಅವರನ್ನು ಬದಲಿಸಲು ಹೊರಟಾಗ ದೊಡ್ಡ ಗಲಾಟೆಯಾಗಿ ಮತ್ತೆ ದಕ್ಷಿಣದವರೇ ಉಳಿದರು. ಮುಗ್ಲಾನ್‌ನಿಂದ ನೇಪಾಳಕ್ಕೆ ದುಡಿಯಲು ಬಂದವರೂ ಇದ್ದಾರೆ ಎಂದು ಅವನಿಗೆ ತೋರಿಸಿದೆ. ಅವನು ಬಹಳ ಹೊತ್ತು ಕೈ ಮುಗಿದು ನಿಂತಿದ್ದ. ಬಾಗ್ಮತಿಯ ದಡದಲ್ಲಿ ಚಿತೆಗಳು ಉರಿಯುತ್ತಿದ್ದವು. ಅದರತ್ತ ಅವನು ನೋಡಲಿಲ್ಲ. ಹತ್ತಿರದಲ್ಲೇ ಇರುವ ವಿಮಾನ ನಿಲ್ದಾಣಕ್ಕೆ ಕೊಲ್ಲಿಯಿಂದ ಪೆಟ್ಟಿಗೆಯಲ್ಲಿ ಬರುವವರೂ ಇದ್ದಾರೆಂಬುದು ಅವನ ಊರಿನ ಎಲ್ಲರಿಗೂ ಗೊತ್ತು.

ತ್ರಿಭುವನ್ ವಿಮಾನ ನಿಲ್ದಾಣದ ಹಳೆಯ ಹೆಸರು ಗೌಚರ್, ನಮ್ಮ ಮಾತಿನಲ್ಲಿ ಗೋಮಾಳ. ಹೊರಗೆ ಜಾತ್ರೆಯಷ್ಟು ಜನ. ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಹುಡುಗರು, ಅವರ ತೋಳು ಬಿಡದ ತಾಯಂದಿರು. ಇವನಿಗೆ ಇದ್ದವನು ನಾನೊಬ್ಬ. ಹಾರ ತಂದು ಹಾಕಿದೆ. ಉಳಿದಿದ್ದ ಖಡಕ್ ರೊಟ್ಟಿ ಹನ್ನೊಂದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿದೆ. ‘ಕೆಡುವುದಿಲ್ಲ’ ಎಂದೆ. ಅವನು ಜೇಬಿನಲ್ಲಿದ್ದ ಚಿಲ್ಲರೆ ನೋಟುಗಳನ್ನೆಲ್ಲ ತೆಗೆದು ನನ್ನ ಕೈಗೆ ತುರುಕಿದ. ‘ಅಲ್ಲಿ ಇದು ನಡೆಯೋದಿಲ್ಲ. ನಿನಗೆ ಗಡಿಯವರೆಗೆ ಆಗುತ್ತೆ.’ ಒಂದನ್ನು ಮಾತ್ರ ಕೊಡಲಿಲ್ಲ. ಪಾಸ್‌ಪೋರ್ಟಿನ ಹೊದಿಕೆಯೊಳಗೆ ಇಟ್ಟಿದ್ದ ಖಡ್ಗಮೃಗದ ನೋಟು.

ನಾನೂ ನನ್ನದನ್ನು ತೆಗೆದೆ, ವೋಟರ್ ಕಾರ್ಡಿನ ಹಿಂದಿನಿಂದ. ನೇಪಾಳದ ನೋಟಿನ ಮೇಲೆ ಸಂಖ್ಯೆ ದೇವನಾಗರಿ ಅಂಕಿಗಳಲ್ಲಿ ಇರುತ್ತದೆ. ಅವನು ಬೆರಳಿಟ್ಟು ಒಂದೊಂದೇ ಅಂಕಿ ಜೋರಾಗಿ ಓದಿದ. ನಾನು ನನ್ನದರಲ್ಲಿ ಬೆರಳು ಸರಿಸುತ್ತ ಹೋದೆ. ಕೊನೆಯದರ ತನಕ ಎಲ್ಲವೂ ಒಂದೇ. ಅವನದು ನಾಲ್ಕಕ್ಕೆ ಮುಗಿಯಿತು, ನನ್ನದು ಐದಕ್ಕೆ. ಅಜ್ಜಿ ಸೆರಗಿನೊಳಗಿನ ಕಟ್ಟಿನಿಂದ ಒಂದರ ಹಿಂದೆ ಒಂದು ಎಳೆದು ಕೊಟ್ಟಿದ್ದಳು.

ಅವನು ನೋಟನ್ನು ಮತ್ತೆ ಹೊದಿಕೆಯೊಳಗೆ ಸರಿಸಿ, ಪಾಸ್‌ಪೋರ್ಟನ್ನು ಗೇಟಿನಲ್ಲಿದ್ದ ಪೊಲೀಸನಿಗೆ ತೆರೆದು ತೋರಿಸಿ ಒಳಗೆ ನಡೆದ. ಚೆಂಡುಹೂವಿನ ಹಾರ ಗಾಜಿನ ಆಚೆ ಸ್ವಲ್ಪ ದೂರ ಕಾಣುತ್ತಿತ್ತು.